ಮೂರು ಭಾಷೆ, ಒಂದು ಟೋಪೋಶೀಟ್: ಮುಂಬೈ–ಪುಣೆಯ ಕನ್ನಡ ಮಕ್ಕಳಿಗೆ ಭೂಗೋಳದ ಮೊದಲ ವರ್ಷ

ಭೂಗೋಳ ಸುಲಭದ ವಿಷಯ, ಪರೀಕ್ಷೆಗೆ ನಾಲ್ಕು ದಿನ ಇರುವಾಗ ಗೈಡ್ ತಿರುವಿದರೆ ಸಾಕು ಎಂಬ ಮಾತು ಕಾಲೇಜು ಕ್ಯಾಂಟೀನುಗಳಲ್ಲಿ ಯಾವಾಗಲೂ ಕೇಳಿಬರುತ್ತದೆ. ಅದನ್ನು ನಂಬಿ ಬಂದವರಿಗೆ ಮೊದಲ ಪೆಟ್ಟು ಬೀಳುವುದು ಪ್ರಾಕ್ಟಿಕಲ್ ತರಗತಿಯಲ್ಲಿ. ಬೇರೆ ಕೆಲವು ವಿಷಯಗಳಲ್ಲಿ ವಾಕ್ಯ ನೆನಪಿದ್ದರೆ ಹೇಗೋ ದಾಟಬಹುದು. ಇಲ್ಲಿ ಪ್ರತಿ ವಾಕ್ಯದ ಹಿಂದೆ ಒಂದು ಜಾಗ ಇರುತ್ತದೆ, ಜಾಗಕ್ಕೆ ಅಳತೆ ಇರುತ್ತದೆ, ಅಳತೆಗೆ ತಾರೀಖು ಇರುತ್ತದೆ. ‘ಪಶ್ಚಿಮ ಘಟ್ಟದಲ್ಲಿ ಮಳೆ ಹೆಚ್ಚು’ ಎಂದು ಬರೆದರೆ ಎಲ್ಲಿ, ಎಷ್ಟು, ಯಾವ ಕೇಂದ್ರದಲ್ಲಿ ಅಳೆದದ್ದು ಎಂದು ಕೇಳುತ್ತಾರೆ. ಮೇಷ್ಟ್ರು ಕೇಳುವ ಮೊದಲೇ ಆ ಮೂರನ್ನು ನೀವೇ ಕೇಳಿಕೊಳ್ಳುವುದು ರೂಢಿಯಾಯಿತೆಂದರೆ ಭೂಗೋಳ ಓದಲು ಬಂತು ಅಂತ ಲೆಕ್ಕ. ಅದು ಪುಸ್ತಕ ಓದಿ ಬರುವಂಥದ್ದಲ್ಲ, ಪೆನ್ಸಿಲ್ಲು ಹಿಡಿದು ಬರುವಂಥದ್ದು.

ಮೊದಲು ಭಾಷೆಯ ತೊಡಕು ಮುಗಿಸೋಣ. ಮನೆಯಲ್ಲಿ ಕನ್ನಡವೋ ತುಳುವೋ, ಏಳನೆಯವರೆಗೆ ಅಥವಾ ಹತ್ತನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದ ಕಾಲೇಜು: ಈ ದಾರಿಯಲ್ಲಿ ಬಂದವರಿಗೆ ಪದಗಳೇ ಕಾಲಿಗೆ ತೊಡರುತ್ತವೆ. ಗೊತ್ತಿಲ್ಲದ ಪದ ಅಷ್ಟು ಅಪಾಯವಲ್ಲ, ಯಾರನ್ನಾದರೂ ಕೇಳುತ್ತೀರಿ. ಗೊತ್ತಿದೆ ಎಂದುಕೊಂಡ ಪದವೇ ಕೈಕೊಡುವುದು. ಕರ್ನಾಟಕದ ಪಠ್ಯಗಳಲ್ಲಿ ‘ಹವಾಮಾನ’ ಅಂದರೆ ಇಂದಿನ, ನಾಳೆಯ ವಾತಾವರಣದ ಸ್ಥಿತಿ. ದೀರ್ಘಕಾಲದ ಸರಾಸರಿಗೆ ‘ವಾಯುಗುಣ’ ಎನ್ನುತ್ತಾರೆ. ಮಹಾರಾಷ್ಟ್ರದ ಮರಾಠಿ ಪಠ್ಯಗಳಲ್ಲಿ ಮೊದಲನೆಯದು ‘ಹವಾ’, ಎರಡನೆಯದು ‘ಹವಾಮಾನ್’. ಅಕ್ಷರ ಅದೇ, ಅರ್ಥ ಅದಲುಬದಲು. ಇದು ಸಾಲದು ಎಂಬಂತೆ ನಮ್ಮ ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದು ಬರೆಯುತ್ತವೆ, ಅಲ್ಲಿ ಹೇಳಬೇಕಾದದ್ದು ವಾಯುಗುಣವನ್ನು. ಮರಾಠಿ ಪ್ರಶ್ನೆಪತ್ರಿಕೆಯಲ್ಲಿ ಮುಂಬೈಯ ‘ಹವಾಮಾನ್’ ವಿವರಿಸಿ ಎಂದಿದ್ದರೆ, ಒಂದು ದಿನದ ಮಳೆಯ ಕಥೆ ಬರೆದವರಿಗೆ ಅಂಕ ಬರುವುದಿಲ್ಲ.

ಇದಕ್ಕೆ ಒಂದು ಉದ್ದ ನೋಟ್‌ಬುಕ್ ಇಡಿ, ಪುಟಕ್ಕೆ ನಾಲ್ಕು ಕಾಲಮ್ಮು ಎಳೆಯಿರಿ. ಇಂಗ್ಲಿಷ್, ಕನ್ನಡ, ಮರಾಠಿ. ನಾಲ್ಕನೆಯದರಲ್ಲಿ ವ್ಯಾಖ್ಯಾನ ಬೇಡ, ನೀವು ನೋಡಿರುವ ಒಂದು ಜಾಗದ ಹೆಸರು ಅಥವಾ ಹೆಬ್ಬೆರಳಿನಷ್ಟು ಚಿತ್ರ. ‘ಪಠಾರ್’ ಎದುರು ಪ್ರಸ್ಥಭೂಮಿ, ‘ಖೋರೆ’ ಎದುರು ನದಿಯ ಜಲಾನಯನ ಪ್ರದೇಶ, ‘ಘನತಾ’ ಎದುರು ಸಾಂದ್ರತೆ, ‘ಲೋಕಸಂಖ್ಯಾ’ ಎದುರು ಜನಸಂಖ್ಯೆ. ‘ಖಿಂಡ್’ ಅಂದರೆ ಎರಡು ಗುಡ್ಡಗಳ ನಡುವೆ ದಾಟಿಹೋಗುವ ಕಣಿವೆದಾರಿ. ನಮ್ಮ ಕಿಂಡಿಯನ್ನು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಈ ಮರಾಠಿ ಪದಗಳು ಪರೀಕ್ಷೆಗೆ ಮಾತ್ರವಲ್ಲ, ಸಹ್ಯಾದ್ರಿಯ ನಕ್ಷೆ ತೆರೆದರೆ ಖಿಂಡ್, ಡೋಂಗರ್ (ಗುಡ್ಡ), ಓಢಾ (ಹಳ್ಳ) ಎಂದೇ ಹೆಸರುಗಳಿರುತ್ತವೆ. ದಿನಕ್ಕೆ ಆರು ಪದ ಸಾಕು. ಮೂವತ್ತು ಬರೆದಿಟ್ಟು ಮತ್ತೆ ತೆರೆಯದ ಪುಸ್ತಕದಿಂದ ಏನೂ ಪ್ರಯೋಜನವಿಲ್ಲ.

ಇನ್ನೊಂದು ಪದ ‘ಜರ್ನಲ್’. ಮುಂಬೈ–ಪುಣೆಯ ಕಾಲೇಜುಗಳಲ್ಲಿ ಜರ್ನಲ್ ಅಂದರೆ ಮೇಷ್ಟ್ರು ಸಹಿ ಹಾಕುವ ಪ್ರಾಕ್ಟಿಕಲ್ ಪುಸ್ತಕ. ಲೈಬ್ರರಿಯಲ್ಲಿ ಜರ್ನಲ್ ನೋಡಿ ಬನ್ನಿ ಎಂದು ಅದೇ ಮೇಷ್ಟ್ರು ಹೇಳಿದರೆ ಅದು ಸಂಶೋಧನಾ ಪತ್ರಿಕೆ. ಇದು ತಿಳಿಯದೆ ಹಳೆಯ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪುಸ್ತಕ ಹುಡುಕುತ್ತಾ ಕೂರಬೇಡಿ.

ಈಗ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ರಸ್ತೆ, ಊರುಗಳನ್ನೆಲ್ಲ ಅಳತೆಗೆ ಸರಿಯಾಗಿ ತೋರಿಸುವ ಸರ್ವೆ ನಕ್ಷೆಯ ಹಾಳೆ. ಮೊದಲ ವರ್ಷದಲ್ಲಿ ಇದರ ಮೇಲೆ ಹಾಕಿದ ಗಂಟೆಗಳು ಮೂರೂ ವರ್ಷ ಕೈಹಿಡಿಯುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೋಗೋಣ.

ಶೀಟಿನ ಸಂಖ್ಯೆಯನ್ನು ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿ ಹುಡುಕಲು ಕಲಿಯಿರಿ. ಸರ್ವೆ ಆಫ್ ಇಂಡಿಯಾದ ಹಳೆಯ ಸರಣಿಯಲ್ಲಿ 4 ಡಿಗ್ರಿ ಅಗಲ, 4 ಡಿಗ್ರಿ ಉದ್ದದ ಚೌಕಕ್ಕೆ ಒಂದು ಸಂಖ್ಯೆ. 47 ಅಂದರೆ ಉತ್ತರ ಅಕ್ಷಾಂಶ 16ರಿಂದ 20, ಪೂರ್ವ ರೇಖಾಂಶ 72ರಿಂದ 76. ಅದರೊಳಗೆ ಒಂದೊಂದು ಡಿಗ್ರಿಯ 16 ಚೌಕಗಳು, ಎ ಯಿಂದ ಪಿ ವರೆಗೆ. ಒಂದೊಂದರೊಳಗೆ ಮತ್ತೆ 15 ನಿಮಿಷದ 16 ಚೌಕಗಳು, 1ರಿಂದ 16. ಇವೇ 1:50,000 ಪ್ರಮಾಣದ ಶೀಟುಗಳು, ಕಾಗದದ 1 ಸೆಂಟಿಮೀಟರ್ ಅಂದರೆ ನೆಲದ ಅರ್ಧ ಕಿಲೋಮೀಟರ್. ಎಣಿಕೆ ವಾಯವ್ಯ ಮೂಲೆಯಿಂದ ಶುರುವಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ, ನಾಲ್ಕು ಇಳಿದ ಮೇಲೆ ಪೂರ್ವದ ಸಾಲಿಗೆ ದಾಟುತ್ತದೆ. ಓದುವ ರೂಢಿಯಲ್ಲಿ ಎಡದಿಂದ ಬಲಕ್ಕೆ ಎಣಿಸಿದವರು ಬೇರೆಯೇ ಊರಿಗೆ ಹೋಗಿ ಮುಟ್ಟುತ್ತಾರೆ. ಪುಣೆ 18 ಡಿಗ್ರಿ 31 ನಿಮಿಷ ಉತ್ತರ, 73 ಡಿಗ್ರಿ 51 ನಿಮಿಷ ಪೂರ್ವ. 73–74ರ ಸಾಲಿನಲ್ಲಿ ಎರಡನೆಯ ಚೌಕ ಎಫ್. ಅದರ ಕೊನೆಯ ಸಾಲಿನಲ್ಲಿ ಮೇಲಿನಿಂದ ಎರಡನೆಯದು 14. ಹಾಗಾಗಿ 47ಎಫ್/14. ಇದೇ ಲೆಕ್ಕದಲ್ಲಿ ಮುಂಬೈಯ ಕೋಟೆ ಪ್ರದೇಶ 47ಬಿ/13, ಅಂಧೇರಿ 47ಎ/16 ಬರುತ್ತದೆಯೇ ನೋಡಿ. ಊರಿನದನ್ನೂ ಹುಡುಕಿ: ಮಂಗಳೂರು 48ಎಲ್/13, ಹುಬ್ಬಳ್ಳಿ 48ಎಂ/3. ಐದು ಊರು ಸರಿಬಂದರೆ ಈ ಪ್ರಶ್ನೆ ಮತ್ತೆ ತಪ್ಪುವುದಿಲ್ಲ. 2005ರ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ನಕ್ಷೆಗಳಲ್ಲಿ ಸಂಖ್ಯೆ ಕೊಡುವ ಕ್ರಮ ಬೇರೆ. ಪ್ರಾಕ್ಟಿಕಲ್‌ನಲ್ಲಿ ಯಾವ ಸರಣಿ ಬಳಸುತ್ತಾರೆಂದು ಮೊದಲ ವಾರವೇ ಕೇಳಿಬಿಡಿ.

ಓಪನ್ ಸೀರೀಸ್ ನಕ್ಷೆಗಳು ಸರ್ವೆ ಆಫ್ ಇಂಡಿಯಾದ ತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಪಿಡಿಎಫ್ ಆಗಿ ಸಿಗುತ್ತವೆ. ಅಲ್ಲಿಂದ ಝೆರಾಕ್ಸ್ ಅಂಗಡಿಗೆ ಹೋದಾಗ ಒಂದು ದೊಡ್ಡ ತಪ್ಪಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ 15 ನಿಮಿಷ ಅಂದರೆ ಉತ್ತರ–ದಕ್ಷಿಣ ಸುಮಾರು 27.7 ಕಿಲೋಮೀಟರ್, ಪೂರ್ವ–ಪಶ್ಚಿಮ ಸುಮಾರು 26.3. 1:50,000ರಲ್ಲಿ ಅದು ಕಾಗದದ ಮೇಲೆ 55 ಸೆಂಟಿಮೀಟರ್ ಉದ್ದ, 52.6 ಸೆಂಟಿಮೀಟರ್ ಅಗಲ. ಅಂಗಡಿಯವನು ಅದನ್ನು ಎ4 ಹಾಳೆಗೆ ಕುಗ್ಗಿಸಿ ಕೊಡುತ್ತಾನೆ, ಅಗಲ 19 ಸೆಂಟಿಮೀಟರಿಗೆ ಇಳಿಯುತ್ತದೆ. ಮೂಲೆಯಲ್ಲಿ ಮಾತ್ರ ಇನ್ನೂ 1:50,000 ಎಂದೇ ಅಚ್ಚಾಗಿರುತ್ತದೆ! ಈಗ ಅದರ ನಿಜವಾದ ಪ್ರಮಾಣ ಸುಮಾರು 1:1,38,000. ಆ ಹಾಳೆಯ ಮೇಲೆ ಸ್ಕೇಲಿಟ್ಟು ಅಳೆದ ದೂರಗಳೆಲ್ಲ ಸುಳ್ಳು. ಪರೀಕ್ಷಿಸುವುದು ಸುಲಭ. ಒಂದು ಕಿಲೋಮೀಟರಿನ ಗ್ರಿಡ್ ಚೌಕ 2 ಸೆಂಟಿಮೀಟರ್ ಇರಬೇಕು, ಅಳೆಯಿರಿ. ಇಲ್ಲದಿದ್ದರೆ ಅನುಪಾತದ ಸಂಖ್ಯೆಯನ್ನು ಮರೆತು ಕೆಳಗಿರುವ ಗೆರೆಯ ಸ್ಕೇಲನ್ನೇ ನಂಬಿ, ನಕ್ಷೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗಿರುತ್ತದೆ. ಗೆರೆ ಸ್ಕೇಲು ಯಾಕೆ ಬೇಕು ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಉತ್ತರ ಇದೇ. ಕೆಲಸಕ್ಕೆ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ನೂರು ಪ್ರತಿಶತದಲ್ಲಿ ಅಚ್ಚು ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಗೆರೆ ಸ್ಕೇಲು ಬರೆಯುವಾಗ ಸೊನ್ನೆಯನ್ನು ಎಡತುದಿಗೆ ಇಡುವುದು ಸಾಮಾನ್ಯ ತಪ್ಪು. ಮೊದಲ ಭಾಗವನ್ನು ಸೊನ್ನೆಯ ಎಡಕ್ಕೆ ಬಿಟ್ಟು, ಅದನ್ನು ಸಣ್ಣ ಭಾಗಗಳಾಗಿ ಒಡೆಯಬೇಕು. 15 ಸೆಂಟಿಮೀಟರ್ ಗೆರೆ ಎಳೆದರೆ 7.5 ಕಿಲೋಮೀಟರ್ ಬರುತ್ತದೆ, ಅದು ಒಡೆಯಲು ಸಂಕಟ. 16 ಸೆಂಟಿಮೀಟರ್ ಎಳೆದು 8 ಕಿಲೋಮೀಟರ್ ಮಾಡಿಕೊಳ್ಳಿ. ಗ್ರಿಡ್ ಸಂಖ್ಯೆ ಬರೆಯುವಾಗ ಮೊದಲು ಪೂರ್ವಕ್ಕೆ ಹೋಗುವ ಅಂಕಿ, ಆಮೇಲೆ ಉತ್ತರಕ್ಕೆ ಏರುವ ಅಂಕಿ. ಆರಂಕಿಯ ಸಂಖ್ಯೆ ನೆಲದ ಮೇಲೆ 100 ಮೀಟರಿನಷ್ಟು ನಿಖರ, ಅಂದರೆ ಕಾಗದದ ಮೇಲೆ 2 ಮಿಲಿಮೀಟರ್. ಮೊಂಡು ಪೆನ್ಸಿಲ್ಲಿನ ಚುಕ್ಕೆಯೇ ಹತ್ತಿರ ಹತ್ತಿರ ಅಷ್ಟಿರುತ್ತದೆ, ಹಾಗಾಗಿ ಗೆರೆಗಳಿಗೆ 2ಎಚ್, ಅಕ್ಷರಗಳಿಗೆ ಎಚ್‌ಬಿ.

ಅಡ್ಡಸೀಳಿಕೆ ಅಂದರೆ ನೆಲವನ್ನು ಕತ್ತರಿಸಿ ಪಕ್ಕದಿಂದ ನೋಡಿದಂತೆ ತೋರಿಸುವುದು, ಅದರ ಚಿತ್ರದಲ್ಲಿ ಅಂಕ ಹೋಗುವುದು ಎರಡು ಕಡೆ. ವಿಧಾನ ಇಷ್ಟೇ: ನಕ್ಷೆಯ ಮೇಲೆ ಎರಡು ಬಿಂದುಗಳ ನಡುವೆ ತೆಳುಗೆರೆ ಎಳೆದು, ಒಂದು ಕಾಗದದ ಪಟ್ಟಿಯ ನೇರ ಅಂಚನ್ನು ಅದರ ಮೇಲಿಟ್ಟು, ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಅಂಚನ್ನು ಮುಟ್ಟುವ ಕಡೆಯಲ್ಲೆಲ್ಲ ಗುರುತು ಹಾಕಿ ಎತ್ತರ ಬರೆದುಕೊಳ್ಳಬೇಕು. ರೇಖೆಗಳ ನಡುವಿನ ಅಂತರ 20 ಮೀಟರ್, ಪ್ರತಿ ಐದನೆಯದು ದಪ್ಪ. ತೀರಾ ಒತ್ತಾಗಿರುವಲ್ಲಿ ದಪ್ಪ ಗೆರೆಗಳನ್ನಷ್ಟೇ ಹಿಡಿದರೂ ನಡೆಯುತ್ತದೆ, ಆದರೆ ಶಿಖರ ಮತ್ತು ಕಣಿವೆಯ ತಳ ಬಿಡುವಂತಿಲ್ಲ. ಪಟ್ಟಿಯನ್ನು ಗ್ರಾಫ್ ಹಾಳೆಯ ಕೆಳಗಂಚಿಗೆ ಇಟ್ಟು ಚುಕ್ಕೆಗಳನ್ನು ಏರಿಸಿ ಕೈಯಿಂದಲೇ ಸೇರಿಸಬೇಕು, ಸ್ಕೇಲಿನಿಂದಲ್ಲ.

ಮೊದಲ ತಪ್ಪು ಲಂಬ ಪ್ರಮಾಣದ್ದು. ಪುಣೆಯಿಂದ ಸಿಂಹಗಡದ ಕಡೆಗೆ ಒಂದು ಗೆರೆ ತೆಗೆದುಕೊಳ್ಳಿ. ನಗರ ಸುಮಾರು 560 ಮೀಟರ್, ಗಡ ಸುಮಾರು 1,300. ಚಿತ್ರಕ್ಕೆ 500ರಿಂದ 1,400 ಮೀಟರ್ ಬೇಕು. 1 ಸೆಂಟಿಮೀಟರಿಗೆ 100 ಮೀಟರ್ ಇಟ್ಟರೆ 9 ಸೆಂಟಿಮೀಟರ್ ಎತ್ತರದಲ್ಲಿ ಮುಗಿಯುತ್ತದೆ. ಲಂಬ ಪ್ರಮಾಣ 1:10,000, ಅಡ್ಡ ಪ್ರಮಾಣ 1:50,000, ಭಾಗಿಸಿದರೆ 5. ಅಂದರೆ ಗುಡ್ಡ ಇರುವುದಕ್ಕಿಂತ ಐದು ಪಟ್ಟು ಎತ್ತಿ ತೋರಿಸಿದೆ, ಆ ಸಂಖ್ಯೆಯನ್ನು ಚಿತ್ರದ ಕೆಳಗೆ ಬರೆಯಲೇಬೇಕು. 1 ಸೆಂಟಿಮೀಟರಿಗೆ 20 ಮೀಟರ್ ಇಟ್ಟವರಿಗೆ 45 ಸೆಂಟಿಮೀಟರ್ ಹಾಳೆ ಬೇಕು, ಉತ್ಪ್ರೇಕ್ಷೆ 25 ಪಟ್ಟು, ಸಿಂಹಗಡ ಸೂಜಿಯಾಗುತ್ತದೆ.

ಎರಡನೆಯದು ನುಣುಪಿನ ಆಸೆ. ಸಹ್ಯಾದ್ರಿಯ ಈ ಭಾಗದ ಬೆಟ್ಟಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಗಟ್ಟಿಯಾದ ಲಾವಾ. ಡೆಕ್ಕನ್ ಟ್ರ್ಯಾಪ್ ಎನ್ನುವಲ್ಲಿ ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು ಒತ್ತಾಗಿ, ಆಮೇಲೆ ಬಿಡಿಯಾಗಿ, ಮತ್ತೆ ಒತ್ತಾಗಿ ಬರುವುದು ಆ ಮೆಟ್ಟಿಲುಗಳಿಂದಲೇ. ಚೆಂದ ಕಾಣಲೆಂದು ಎಲ್ಲವನ್ನೂ ಒಂದೇ ಇಳಿಜಾರು ಮಾಡಿ ಎಳೆದರೆ ಭೂವಿಜ್ಞಾನವನ್ನೇ ಅಳಿಸಿದಂತೆ. ಥಿಯರಿ ತರಗತಿಯಲ್ಲಿ ಬಸಾಲ್ಟ್ (ಈ ಲಾವಾದಿಂದಾದ ಕಲ್ಲು) ಪಾಠ ನಡೆಯುವ ವಾರವೇ ಪ್ರಾಕ್ಟಿಕಲ್ ಪುಸ್ತಕದ ಸೀಳಿಕೆಯನ್ನು ತೆರೆದು ಪಕ್ಕದಲ್ಲಿಟ್ಟುಕೊಳ್ಳಿ, ಎರಡೂ ಒಂದೇ ಪಾಠ. ಇನ್ನೊಂದು: ಒಂದೇ ಎತ್ತರದ ಎರಡು ರೇಖೆಗಳು ಅಕ್ಕಪಕ್ಕ ಬಂದರೆ ನಡುವೆ ಇರುವುದು ದಿಣ್ಣೆಯೋ ತಗ್ಗೋ ಎಂದು ನೋಡಿ. ನೀಲಿ ಗೆರೆ ಇದ್ದರೆ ತಗ್ಗು. ರೇಖೆಯ ಚೂಪು ತುದಿ ಹೆಚ್ಚಿನ ಎತ್ತರದ ಕಡೆಗೆ ತಿರುಗಿದ್ದರೆ ಕಣಿವೆ, ತಗ್ಗಿನ ಕಡೆಗೆ ತಿರುಗಿದ್ದರೆ ಬೆಟ್ಟದ ಚಾಚು.

ಫೋನಿನ ಅಕ್ಷಾಂಶ–ರೇಖಾಂಶವನ್ನು ನಕ್ಷೆಗೆ ತರುವಾಗಿನ ತಪ್ಪು ಹೊಸ ಕಾಲದ್ದು. ಫೋನು 19.0760 ಎಂದು ತೋರಿಸಿದರೆ ಅದು 19 ಡಿಗ್ರಿ 7.6 ನಿಮಿಷವಲ್ಲ. ದಶಮಾಂಶವನ್ನು 60ರಿಂದ ಗುಣಿಸಿದರೆ 4.56 ನಿಮಿಷ, ಉಳಿದ 0.56ನ್ನು ಮತ್ತೆ 60ರಿಂದ ಗುಣಿಸಿದರೆ 33.6 ಸೆಕೆಂಡು. ಮೂರು ನಿಮಿಷದ ತಪ್ಪು ನೆಲದ ಮೇಲೆ ಐದೂವರೆ ಕಿಲೋಮೀಟರ್. ಕುರ್ಲಾದ ಹತ್ತಿರ ನಿಂತು ಅಂಧೇರಿಯ ಅಕ್ಷಾಂಶ ಬರೆದಂತೆ.

ಅಂಕಿಗಳ ವಿಷಯಕ್ಕೆ ಬರೋಣ. 2005ರ ಜುಲೈ 26ರಂದು ಮುಂಬೈಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು ಎಂದು ಇಲ್ಲಿನ ಯಾವ ಮಗುವೂ ಹೇಳುತ್ತದೆ. ಭೂಗೋಳದ ವಿದ್ಯಾರ್ಥಿ ಹಾಗೆ ಬರೆಯಬಾರದು. ಅದು ಸಾಂತಾಕ್ರೂಜ್ ಕೇಂದ್ರದ ಅಂಕಿ. ಅದೇ 24 ಗಂಟೆಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ‘ಮುಂಬೈಯ ಮಳೆ’ ಎಂಬ ಒಂದು ಅಂಕಿ ಆ ದಿನ ಇರಲೇ ಇಲ್ಲ. ಜೊತೆಗೆ ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆದ್ದರಿಂದ ಆ ಮಳೆ ಇಲಾಖೆಯ ಕೋಷ್ಟಕದಲ್ಲಿ 27ರ ಎದುರಿಗೆ ಸಿಗುತ್ತದೆ. 26ರ ಸಾಲಿನಲ್ಲಿ ಹುಡುಕಿ ಸಿಗದೆ, ಕೋಷ್ಟಕವೇ ತಪ್ಪು ಎಂದು ತೀರ್ಮಾನಿಸಬೇಡಿ. ಮತ್ತೆ, ಇದು ಹವಾಮಾನ. ವಾಯುಗುಣ ಎನ್ನಬೇಕಾದರೆ 30 ವರ್ಷಗಳ ಸರಾಸರಿ ಬೇಕು, ಈಗ ಬಳಕೆಯಲ್ಲಿರುವುದು 1991–2020ರದು.

ಮಳೆಯ ಕಂಬಚಿತ್ರ ಬರೆಯುವಾಗ ಹೋಲಿಸುವ ಎರಡು ಊರುಗಳಿಗೆ ಒಂದೇ ಪ್ರಮಾಣ ಇರಲಿ. ಸಾಂತಾಕ್ರೂಜ್‌ನ ಜುಲೈ ವಾಡಿಕೆ ಮಳೆ 800 ಮಿಲಿಮೀಟರ್ ದಾಟುತ್ತದೆ, ಪುಣೆಯದು ಅದರ ಕಾಲುಪಾಲಿನ ಆಸುಪಾಸು. 1 ಸೆಂಟಿಮೀಟರಿಗೆ 100 ಮಿಲಿಮೀಟರ್ ಇಟ್ಟರೆ ಒಂದು ಕಂಬ 8 ಸೆಂಟಿಮೀಟರ್ ದಾಟುತ್ತದೆ, ಇನ್ನೊಂದು 2ರ ಹತ್ತಿರ ನಿಲ್ಲುತ್ತದೆ. ಮಳೆನೆರಳು, ಅಂದರೆ ಘಟ್ಟದ ಆಚೆ ಬದಿಗೆ ಮಳೆ ಕಡಿಮೆಯಾಗುವುದು, ಕಣ್ಣಿಗೇ ಕಾಣುತ್ತದೆ. ಪುಣೆಯ ಕಂಬಗಳು ಗಿಡ್ಡವಾದವು ಎಂದು ಅದಕ್ಕೆ ಬೇರೆ ಪ್ರಮಾಣ ಕೊಟ್ಟರೆ ಎರಡೂ ಊರು ಒಂದೇ ಥರ ಕಂಡು, ತೋರಿಸಬೇಕಾದದ್ದೇ ಮಾಯವಾಗುತ್ತದೆ. ಎಕ್ಸೆಲ್ ತಾನಾಗಿಯೇ ಹೀಗೆ ಮಾಡುತ್ತದೆ, ಅಕ್ಷದ ಗರಿಷ್ಠ ಅಂಕಿಯನ್ನು ಕೈಯಿಂದ ಹಾಕಬೇಕು. ನಡುವೆ ಲೋಣಾವಳಾ ಸೇರಿಸಿದರೆ ಇನ್ನೂ ಒಳ್ಳೆಯದು. ಘಟ್ಟದ ನೆತ್ತಿಯ ಮೇಲಿರುವ ಅದರ ಮಳೆ ಮುಂಬೈಯದಕ್ಕಿಂತಲೂ ಹೆಚ್ಚು.

ಜನಸಾಂದ್ರತೆಯಲ್ಲಿ ಭಾಜಕವನ್ನು ಕೇಳಿ. 2011ರ ಜನಗಣತಿಯಲ್ಲಿ ಮುಂಬೈ ನಗರ ಜಿಲ್ಲೆ 30,85,411 ಜನ, 157 ಚದರ ಕಿಲೋಮೀಟರ್. ಉಪನಗರ ಜಿಲ್ಲೆ 93,56,962 ಜನ, 446 ಚದರ ಕಿಲೋಮೀಟರ್. ಕ್ಯಾಲ್ಕುಲೇಟರ್ ಒತ್ತಿ ನೋಡಿ: 19,652 ಮತ್ತು 20,980. ಎರಡೂ ಹೆಚ್ಚುಕಡಿಮೆ ಸಮ ಎಂದು ಬರೆದು ಮುಂದೆ ಹೋಗುವ ಮೊದಲು ಉಪನಗರದ ನಕ್ಷೆ ನೋಡಿ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅದರ ಒಂದು ಭಾಗ ಈ ಜಿಲ್ಲೆಯಲ್ಲಿ, ಉಳಿದದ್ದು ಠಾಣೆ ಕಡೆಗೆ. ಆ ಕಾಡಿನಲ್ಲಿ ಜನವಸತಿ ತೀರಾ ಕಡಿಮೆ, ಆದರೆ ಅದರ ನೆಲವೂ ಭಾಜಕದೊಳಗಿದೆ. ಹಾಗಾಗಿ ಜನ ನಿಜವಾಗಿ ವಾಸವಿರುವ ಜಾಗದ ಸಾಂದ್ರತೆ ಕೋಷ್ಟಕಕ್ಕಿಂತ ಬಹಳ ಮೇಲಿರುತ್ತದೆ. ಇಂಥ ಒಂದು ವಾಕ್ಯ ಗೈಡಿನ ಎರಡು ಪುಟಕ್ಕಿಂತ ಹೆಚ್ಚು ತೂಗುತ್ತದೆ ಎಂಬುದು ನನ್ನ ಲೆಕ್ಕ.

ಬಣ್ಣದ ಛಾಯೆಯ ನಕ್ಷೆ ಮಾಡುವಾಗ ಒಟ್ಟು ಜನಸಂಖ್ಯೆಗೆ ಛಾಯೆ ಕೊಡಬೇಡಿ. ಹಾಗೆ ಕೊಟ್ಟರೆ 94,29,408 ಜನರ ಪುಣೆ ಜಿಲ್ಲೆ ಕಡುಗಪ್ಪು, ಮುಂಬೈ ನಗರ ತಿಳಿ. ಪುಣೆಯ ಸಾಂದ್ರತೆ ಚದರ ಕಿಲೋಮೀಟರಿಗೆ ಬರೇ 603. ಒಟ್ಟು ಸಂಖ್ಯೆಗೆ ವೃತ್ತ ಅಥವಾ ಚುಕ್ಕೆ, ಅನುಪಾತಕ್ಕೆ ಛಾಯೆ. ಹಾಗೆಯೇ ಮುಂಬೈ ನಗರದ ಜನಸಂಖ್ಯೆ 2001ರಲ್ಲಿ 33,38,031 ಇದ್ದದ್ದು 2011ಕ್ಕೆ ಇಳಿದದ್ದು ಶೇಕಡಾ 7.57. ಹಳೆಯ ಅಂಕಿಯಿಂದ ಭಾಗಿಸಬೇಕು. ಹೊಸದರಿಂದ ಭಾಗಿಸಿದವರಿಗೆ 8.19 ಬರುತ್ತದೆ. ‘ಇಳಿದಿದೆ’ ಎಂಬುದು ವರ್ಣನೆ. ‘ಗಿರಣಿಗಳು ಮುಚ್ಚಿ ಜನ ಉಪನಗರಕ್ಕೆ ಹೋದರು’ ಎಂಬುದು ವಿವರಣೆ, ಅದಕ್ಕೆ ಬೇರೆ ಆಧಾರ ತೋರಿಸಬೇಕು. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆಂದು ಗೆರೆ ಎಳೆದು ನೋಡಿಕೊಳ್ಳಿ. ಮೂರನೆಯ ಬಗೆ ‘ವಿಮರ್ಶಿಸಿ’, ಅಲ್ಲಿ ಆ ವಿವರಣೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆಂದು ಹೇಳಬೇಕು.

ಓದಿನ ಬಗ್ಗೆ. ಹದಿನೈದು ಪುಟದ ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಓದಲು ಕೂತರೆ ಮೂರನೆಯ ಪುಟದಲ್ಲಿ ನಿದ್ದೆ ಬರುತ್ತದೆ. ಶೀರ್ಷಿಕೆ ಮತ್ತು ಪ್ರಕಟವಾದ ವರ್ಷ ನೋಡಿ, ನೇರವಾಗಿ ನಕ್ಷೆ ಮತ್ತು ಕೋಷ್ಟಕಗಳಿಗೆ ಹೋಗಿ. ಅವುಗಳಿಂದ ಏನು ಗೊತ್ತಾಗುತ್ತದೆಂದು ಎರಡು ಸಾಲು ಬರೆದುಕೊಳ್ಳಿ. ಆಮೇಲೆ ಸಾರಾಂಶ, ಕೊನೆಯ ಭಾಗ, ಕಟ್ಟಕಡೆಗೆ ವಿಧಾನ. ಲೇಖಕರು ಹೇಳುವುದಕ್ಕೂ ಕೋಷ್ಟಕ ಹೇಳುವುದಕ್ಕೂ ಅಂತರವಿದ್ದರೆ ಈ ಕ್ರಮದಲ್ಲಿ ಬೇಗ ಸಿಕ್ಕಿಬೀಳುತ್ತದೆ. ಇಡೀ ಸುತ್ತಿಗೆ ನಲವತ್ತು ನಿಮಿಷ ಕೊಡಿ, ಅದಕ್ಕಿಂತ ಹೆಚ್ಚು ಬೇಕೋ ಬೇಡವೋ ಆಮೇಲೆ ನೋಡಿದರಾಯಿತು.

ಟಿಪ್ಪಣಿಯಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ಇಂಗ್ಲಿಷ್ ಲೇಖನ ಓದಿ ಮುಚ್ಚಿಡಿ, ನೆನಪಿನಿಂದ ಕನ್ನಡದಲ್ಲಿ ಬರೆಯಿರಿ, ಮರುದಿನ ಆ ಕನ್ನಡದಿಂದ ಉತ್ತರದ ಭಾಷೆಗೆ ತನ್ನಿ. ನಕಲು ಆಗಲು ಸಾಧ್ಯವೇ ಇಲ್ಲ, ವಾಕ್ಯಗಳು ನಿಮ್ಮವೇ ಆಗಿರುತ್ತವೆ. ಅರ್ಥವಾಗದ ಭಾಗ ಕನ್ನಡದಲ್ಲಿ ಬರೆಯುವಾಗಲೇ ತಡೆದು ನಿಲ್ಲಿಸುತ್ತದೆ, ಇಂಗ್ಲಿಷಿನಲ್ಲಾದರೆ ಅದೇ ಪದಗಳನ್ನು ತಿರುಗಿಸಿ ಹಾಕಿ ದಾಟಿಬಿಡುತ್ತೀರಿ. ಕೊನೆಗೆ ಅಂಕಿಗಳನ್ನು ಮಾತ್ರ ಮೂಲದೊಂದಿಗೆ ಹೋಲಿಸಿ. ಲೇಖಕ, ವರ್ಷ, ಪುಟ ಸಂಖ್ಯೆಗಳನ್ನು ಓದುವ ಹೊತ್ತಿನಲ್ಲೇ ಬರೆಯದಿದ್ದರೆ ಒಪ್ಪಿಸುವ ಹಿಂದಿನ ರಾತ್ರಿ ಹುಡುಕಬೇಕಾಗುತ್ತದೆ. ಚಾಟ್‌ಬಾಟ್ ಕೊಟ್ಟ ಲೇಖನದ ಹೆಸರು ನಿಜವಾಗಿ ಇದೆಯೇ ಎಂದು ತೆರೆದು ನೋಡದೆ ಬರೆಯಬೇಡಿ, ಇಲ್ಲದ ಲೇಖನಗಳನ್ನೂ ಅದು ಹುಟ್ಟಿಸುತ್ತದೆ.

ಮೂಲಗಳನ್ನು ತೂಗುವುದಕ್ಕೆ ಮಹದಾಯಿಗಿಂತ ಒಳ್ಳೆಯ ಅಭ್ಯಾಸ ಇಲ್ಲ. ಖಾನಾಪುರದ ಕಡೆ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಹತ್ತಿರ ಸಮುದ್ರ ಸೇರುವ ನದಿ. ವಾಸ್ಕೋದ ಕನ್ನಡ ಮನೆಗೆ ಎರಡೂ ಕಡೆಯ ಸುದ್ದಿ ಬರುತ್ತದೆ, ಎರಡೂ ಬೇರೆಬೇರೆ ನದಿಗಳ ಬಗ್ಗೆ ಮಾತಾಡುವಂತಿರುತ್ತದೆ. 2018ರ ಆಗಸ್ಟಿನಲ್ಲಿ ಈ ನದಿಯ ನೀರಿನ ವಿವಾದ ವಿಚಾರಿಸಿದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು ಎಂಬುದು ಎಲ್ಲರೂ ಹೇಳುವ ಅಂಕಿ. ಒಡೆದು ನೋಡಿದರೆ ಅದರಲ್ಲಿ 8.02 ಜಲವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ. ಕಳಸಾ, ಬಂಡೂರಿ ಹಳ್ಳಗಳೆರಡೂ ಸೇರಿ ಮಲಪ್ರಭಾ ನದಿಗೆ ತಿರುಗಿಸಲು 3.9. ಇನ್ನು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಒಂದು ಪತ್ರಿಕೆ 13.42 ಎನ್ನುತ್ತದೆ, ಇನ್ನೊಂದು 3.9 ಎನ್ನುತ್ತದೆ, ಎರಡೂ ಸುಳ್ಳಲ್ಲ. ಯಾವುದನ್ನು ಯಾಕೆ ಎತ್ತಿ ಹೇಳಿದ್ದಾರೆ ಎಂದು ಒಂದು ಪುಟ ಬರೆಯಿರಿ, ತೀರ್ಪು ಕೊಡಲು ಹೋಗಬೇಡಿ.

ಕ್ಷೇತ್ರಕಾರ್ಯಕ್ಕೆ ಹೋಗುವ ಮುಂಚೆ ನಿಯಮಗಳನ್ನು ಬರೆದಿಟ್ಟುಕೊಳ್ಳಬೇಕು, ಅಲ್ಲಿ ನಿಂತು ಯೋಚಿಸುವುದಲ್ಲ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಪ್ರತಿ ಐದನೆಯ ಅಂಗಡಿ ಎಂದು ನಿರ್ಧರಿಸಿದ್ದರೆ, ಐದನೆಯದು ಮುಚ್ಚಿದ್ದರೆ ಏನು ಮಾಡಬೇಕೆಂದೂ ಮೊದಲೇ ನಿರ್ಧರಿಸಿ. ಇಲ್ಲದಿದ್ದರೆ ಕನ್ನಡ ಮಾತಾಡುವ ಅಂಗಡಿಯವರನ್ನೇ ಹುಡುಕಿ ಹೋಗುತ್ತೀರಿ, ಮಾದರಿ ಕೆಟ್ಟುಹೋಗುತ್ತದೆ. ಪ್ರಶ್ನೆ ಹನ್ನೆರಡಕ್ಕಿಂತ ಹೆಚ್ಚು ಬೇಡ, ಮೊದಲು ಮೂವರ ಮೇಲೆ ಪ್ರಯೋಗಿಸಿ ನೋಡಿ. ‘ನಿಮ್ಮ ಆದಾಯ ಎಷ್ಟು’ ಎಂದರೆ ಮಾತು ನಿಲ್ಲುತ್ತದೆ, ಹೂವು ಎಲ್ಲಿಂದ ಬರುತ್ತದೆ, ಎಷ್ಟು ಬುಟ್ಟಿ, ಎಷ್ಟು ಹೊತ್ತಿಗೆ ಎಂದರೆ ಮಾತು ಬೆಳೆಯುತ್ತದೆ. ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ಲೇ ಇರಲಿ. ಫೋಟೋದಲ್ಲಿ ಅಳತೆಗೆ ಪೆನ್ನೋ ಸ್ಕೇಲೋ ಇಟ್ಟು, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದೆಂದು ಬರೆಯಿರಿ. ಕಡಲತೀರ, ಖಾರಿ (ಸಮುದ್ರದ ನೀರು ಒಳಬರುವ ಹಿನ್ನೀರು), ಗೋವಾದ ಖಾಜನ್ ಗದ್ದೆಗಳಿಗೆ (ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆಗಳಿಗೆ) ಹೋಗುವುದಾದರೆ ಉಬ್ಬರದ ವೇಳಾಪಟ್ಟಿ ನೋಡದೆ ಹೊರಡಬೇಡಿ. ದಿನಕ್ಕೆರಡು ಉಬ್ಬರ, ವೇಳೆ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋದ ವಾರ ಬೆಳಿಗ್ಗೆ ಹತ್ತಕ್ಕೆ ಕಂಡ ಕೆಸರುನೆಲ ಈ ವಾರ ಅದೇ ಹೊತ್ತಿಗೆ ನೀರಿನಡಿ ಇರಬಹುದು.

ನೆನಪಿಗೆ ಖಾಲಿ ಕಾಗದವೇ ಗೆಳೆಯ. ಪಶ್ಚಿಮ ಕರಾವಳಿಯ ಗೆರೆಯೊಂದನ್ನು ಎಳೆದು ಉತ್ತರದಿಂದ ದಕ್ಷಿಣಕ್ಕೆ ವೈತರಣಾ, ಉಲ್ಹಾಸ್, ಸಾವಿತ್ರಿ, ವಾಶಿಷ್ಠಿ, ತೆರೆಖೋಲ್, ಮಾಂಡೋವಿ, ಜುವಾರಿ, ಕಾಳಿ ಎಂದು ಗುರುತಿಸಿ, ಆಮೇಲೆ ಅಟ್ಲಾಸ್ ತೆರೆದು ತಪ್ಪುಗಳನ್ನು ಕೆಂಪಿನಲ್ಲಿ ತಿದ್ದಿ. ಅದೇ ದಿನ, ಮೂರು ದಿನ ಬಿಟ್ಟು, ಹತ್ತು ದಿನ ಬಿಟ್ಟು ಮತ್ತೆ ಮಾಡಿ. ಎರಡೇ ನಿಮಿಷದಲ್ಲಿ ಬರುವಂತಾದರೆ ಪರೀಕ್ಷೆಯ ಉತ್ತರದಲ್ಲಿ ಸೇರಿಸಬಹುದು, ಐದು ನಿಮಿಷ ಹಿಡಿದರೆ ಅದು ನಷ್ಟ. ವಿರಾರ್ ಫಾಸ್ಟ್ ಲೋಕಲ್ ರೈಲಿನಲ್ಲಿ ಇದೆಲ್ಲ ನಡೆಯುವುದಿಲ್ಲ, ಅಲ್ಲಿ ಎರಡೂ ಕೈ ಹಿಡಿಕೆಗೇ ಬೇಕು. ನಿಂತಲ್ಲೇ ಕಣ್ಣುಮುಚ್ಚಿ ನಿಲ್ದಾಣಗಳ ಹೆಸರಿನಂತೆ ನದಿಗಳ ಹೆಸರನ್ನು ಹೇಳಿಕೊಳ್ಳಬಹುದು.

ಜರ್ನಲ್ ಆಯಾ ವಾರವೇ ಮುಗಿಸಿ ಸಹಿ ಹಾಕಿಸಿಕೊಳ್ಳಿ. ಸಬ್‌ಮಿಷನ್ ವಾರದಲ್ಲಿ ಗೆಳೆಯನ ಪುಸ್ತಕ ನೋಡಿ ಎಳೆದ ಸೀಳಿಕೆ ವೈವಾದಲ್ಲಿ ಬಯಲಾಗುತ್ತದೆ, ಯಾಕೆಂದರೆ ಅವನ ತಪ್ಪೂ ನಿಮ್ಮ ಪುಸ್ತಕಕ್ಕೆ ಬಂದಿರುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೊನೆಯ ಹತ್ತು ನಿಮಿಷ ಹೊಸದೇನನ್ನೂ ಶುರುಮಾಡದೆ ಪ್ರತಿ ಚಿತ್ರಕ್ಕೂ ಶೀರ್ಷಿಕೆ, ಪ್ರಮಾಣ, ಉತ್ತರದ ಬಾಣ, ಸೂಚಿ, ಅಂಕಿಗಳ ಮೂಲ ಇವೆಯೇ ನೋಡಿ. ಆಮೇಲೆ ವೈವಾ ಟೇಬಲ್ಲಿಗೆ ಹೋದಾಗ ಪರೀಕ್ಷಕರು ಮೊದಲು ಕೇಳುವುದು ಬಹುತೇಕ ಶೀಟಿನ ಸಂಖ್ಯೆ. ಎರಡನೆಯದು, ಈ ನಕ್ಷೆಯ ಸರ್ವೆ ಆದ ವರ್ಷ ಯಾವುದು ಎಂದು. ಅದು ಅಂಚಿನಲ್ಲೇ ಅಚ್ಚಾಗಿರುತ್ತದೆ.